ಮುಖ ಕೆಳಗಿಟ್ಟ ವಾರ

ಥಾಣೆಯ ಕಣ್ಣಿನ ಆಸ್ಪತ್ರೆಯಿಂದ ನನ್ನ ಗಂಡನನ್ನು ಡೊಂಬಿವಲಿಯ ಮನೆಗೆ ಕರೆತಂದದ್ದು ಒಂದು ಸೋಮವಾರ ಸಂಜೆ. ಹಾಲ್‌ನಲ್ಲಿದ್ದ ದಿವಾನನ್ನು ಕಿಟಕಿಯ ಬಳಿಯಿಂದ ಎಳೆದು ಫ್ಯಾನಿನ ಕೆಳಗೆ ತಂದೆ. ಎದೆಯ ಅಡಿಗೊಂದು ದಿಂಬು, ಹೊಟ್ಟೆಯ ಅಡಿಗೊಂದು ದಿಂಬು. ತಲೆ ಮಾತ್ರ ದಿವಾನಿನ ಅಂಚಿನಿಂದ ಆಚೆ. ಹಣೆಗೆ ಆಸರೆ ಬೇಕಲ್ಲ, ನನ್ನ ಹಳೆಯ ವಾಯಿಲ್ ಸೀರೆಯನ್ನು ಪಟ್ಟಿಯಾಗಿ ಮಡಿಸಿ ಎರಡು ಕುರ್ಚಿಗಳ ನಡುವೆ ಬಿಗಿದೆ. ಅದರ ಮೇಲೆ ಹಣೆಯೂರಿ ಇವರು ಬೋರಲು ಮಲಗಿದರು. ಒಂದು ವಾರ ಹೀಗೆಯೇ ಇರಬೇಕಿತ್ತು. ಕೂತರೂ ನಿಂತರೂ ಉಂಡರೂ ಮುಖ ನೆಲಕ್ಕೇ.

ಸಕ್ಕರೆ ಕಾಯಿಲೆ ಇವರ ಎಡಗಣ್ಣನ್ನು ಮೊದಲೇ ತೆಗೆದುಕೊಂಡು ಹೋಗಿತ್ತು. ಈಗ ಬಲಗಣ್ಣಿನ ಹಿಂದಿನ ಪರದೆ ಹಳೇ ಗೋಡೆಯ ಸುಣ್ಣದ ಹಾಗೆ ಬಿಟ್ಟುಕೊಂಡಿತ್ತು. ಡಾಕ್ಟರು ಅದನ್ನು ಕೂರಿಸಿ, ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದರು. ಗುಳ್ಳೆ ಮೇಲಕ್ಕೆ ತೇಲುತ್ತದೆ. ಮುಖ ಕೆಳಗಿದ್ದರೆ ಮಾತ್ರ ಅದು ಪರದೆಯನ್ನು ಒತ್ತಿ ಹಿಡಿಯುತ್ತದೆ. ಪರದೆ ಹಿಡಿದುಕೊಂಡರೆ ಈ ಕಣ್ಣು ಓದಲು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮುಂದಿನ ಸೋಮವಾರ ನೋಡಿ ಹೇಳುತ್ತೇನೆ ಎಂದಿದ್ದರು. ಒಬ್ಬ ಮನುಷ್ಯನ ಓದೆಲ್ಲ ಒಂದು ಗುಳ್ಳೆಯ ಮೇಲೆ ನಿಂತಿದೆ ಎಂದು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ, ಹಾಗಾಗಿ ಕುರ್ಚಿಗಳ ಮೇಲೆ ತೀರಿಸಿಕೊಂಡೆ. ಸೀರೆಯ ಗಂಟನ್ನು ಎಷ್ಟು ಬಿಗಿಯಾಗಿ ಹಾಕಿದ್ದೆನೆಂದರೆ ಆಮೇಲೆ ಕತ್ತರಿಯಲ್ಲಿ ಕತ್ತರಿಸಬೇಕಾಯಿತು.

ಕಣ್ಣು ಎಲ್ಲರಿಗೂ ಬೇಕು. ನಮಗಿಬ್ಬರಿಗೆ ಅದು ಯಾಕೆ ಅಷ್ಟೊಂದು ಬೇಕಿತ್ತು ಎಂದು ತಿಳಿಯಬೇಕಾದರೆ ನಮ್ಮ ಕಪಾಟಿನ ಪುಸ್ತಕಗಳನ್ನು ನೋಡಬೇಕು. ದಪ್ಪನೆಯ ಕಾದಂಬರಿ ಒಂದೂ ಇಡಿಯಾಗಿಲ್ಲ. ಎಲ್ಲವನ್ನೂ ಕೊಯ್ದು ಎರಡು ಮೂರು ತುಂಡು ಮಾಡಿ, ಒಂದೊಂದಕ್ಕೂ ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ್ದೇವೆ. ಬಂದವರು ನೋಡಿ ಅಯ್ಯೋ ಅನ್ನುತ್ತಾರೆ. ನಾವು ಪುಸ್ತಕದ ಕಟುಕರು ಎಂದು ನಾನೇ ಹೇಳಿಬಿಡುತ್ತೇನೆ, ಅವರಿಗೆ ಆ ಶ್ರಮ ಬೇಡ ಅಂತ.

ಇವರು ವಿಜಾಪುರದ ಕಡೆಯವರು, ರಬಾಳೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕೆ ಬಂದವರು. ನಾನು ಉಡುಪಿ ಕಡೆಯವಳು. ಅಪ್ಪ ಕಲ್ಯಾಣದಲ್ಲಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ನಾವಿಬ್ಬರೂ ಕನ್ನಡ ಸಂಘದ ಲೈಬ್ರರಿಗೆ ಭಾನುವಾರ ಬರುತ್ತಿದ್ದೆವು. ಅಲ್ಲೊಂದು ಕಾದಂಬರಿಯ ಬೆನ್ನು ಮುರಿದು ಎರಡು ತುಂಡಾಗಿತ್ತು. ಮೊದಲ ತುಂಡು ಇವರು ಒಯ್ದಿದ್ದರು, ಎರಡನೆಯದು ನನ್ನ ಕೈಗೆ ಬಂತು. ಅದಲು ಬದಲು ಮಾಡಿಕೊಳ್ಳಲು ಹೋಗಿ ಮದುವೆಯವರೆಗೆ ಹೋಯಿತು. ಆಮೇಲೆ ಕೊಂಡ ಪುಸ್ತಕಗಳನ್ನು ಇವರೇ ಬ್ಲೇಡು ಹಿಡಿದು ಕೊಯ್ಯತೊಡಗಿದರು. ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತವರಿಗೆ ದಪ್ಪ ಪುಸ್ತಕ ಆಗುವುದಿಲ್ಲ. ಥಾಣೆಯವರೆಗೆ ಇಬ್ಬರದೂ ಒಂದೇ ಗಾಡಿ, ನಾನು ಲೇಡೀಸ್ ಡಬ್ಬದಲ್ಲಿ, ಇವರು ಜನರಲ್ಲಿನಲ್ಲಿ. ಅಲ್ಲಿ ನಾನು ಇಳಿದು ಆಫೀಸಿಗೆ ಹೋದರೆ ಇವರು ರಬಾಳೆಯ ಗಾಡಿ ಹಿಡಿಯುತ್ತಿದ್ದರು. ಇಬ್ಬರ ಚೀಲದಲ್ಲೂ ಒಂದೇ ಕಾದಂಬರಿಯ ಬೇರೆ ಬೇರೆ ತುಂಡು. ಇವರು ಯಾವಾಗಲೂ ಒಂದು ತುಂಡು ಮುಂದೆ.

ಎಲ್ಲಿ ಕೊಯ್ಯಬೇಕು ಎನ್ನುವುದರಲ್ಲಿ ಇವರದು ಭಾರೀ ಕಿತಾಪತಿ. ಸರಿಯಾಗಿ ಅರ್ಧಕ್ಕೆ ಕೊಯ್ಯುವವರಲ್ಲ. ಮೊದಲೇ ಪುಟ ತಿರುವಿ, ಓದುವವಳ ಪ್ರಾಣ ಬಾಯಿಗೆ ಬರುವ ಜಾಗ ಹುಡುಕಿ ಅಲ್ಲಿ ಬ್ಲೇಡು ಇಡುತ್ತಿದ್ದರು. ಮುಂದಿನ ತುಂಡು ಇವರ ಚೀಲದಲ್ಲಿ. ಏನಾಯಿತು ಹೇಳಿ ಎಂದು ನಾನು ಎಷ್ಟು ಗೋಗರೆದರೂ ಬಾಯಿ ಬಿಡುತ್ತಿರಲಿಲ್ಲ.

ಈಗ ಇಬ್ಬರೂ ನಿವೃತ್ತರು. ಆಪರೇಷನ್ನಿನ ಹಿಂದಿನ ದಿನವೇ ನಾನು ಕೇಳಿದ್ದೆ, ಒಂದು ವಾರ ಯಾವ ಪುಸ್ತಕ ಓದಿ ಹೇಳಲಿ ಎಂದು. ಹೊಸದಾಗಿ ಕೊಂಡ ಕಾದಂಬರಿ ಇನ್ನೂ ಕೊಯ್ಯದೆ ಕಪಾಟಿನಲ್ಲಿತ್ತು.

"ಹೊಸಾದು ಬ್ಯಾಡ," ಅಂದರು. "ಅದನ್ನ ನಾನ ಓದ್ತೀನಿ, ಕಣ್ಣು ಬಂದ ಮ್ಯಾಲ. ಹಳೇದೊಂದು ತಗಿ."

ಹಾಗೆ ನಾವು ಮದುವೆಯಾದ ಹೊಸತರಲ್ಲಿ ಓದಿದ ಮೂರು ತುಂಡಿನ ಕಾದಂಬರಿಯೊಂದನ್ನು ತೆಗೆದೆ. ಒಬ್ಬ ಗೌಡ, ಅವನ ವಿಧವೆ ತಂಗಿ, ಇಬ್ಬರ ಹೊಲಕ್ಕೂ ನಡುವೆ ಒಂದು ಬಾವಿ. ಆ ಬಾವಿಯ ಸಲುವಾಗಿ ಮಾತು ಬಿಟ್ಟ ಮನೆತನದ ಕಥೆ. ಮಂಗಳವಾರ ಬೆಳಿಗ್ಗೆ ಕೆಲಸ ಮುಗಿಸಿ ಚಾಪೆ ಹಾಸಿ, ದಿವಾನಿನ ಕಾಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತು ಶುರು ಮಾಡಿದೆ. ಇವರ ಮುಖ ನನ್ನ ಭುಜದ ಪಕ್ಕದಲ್ಲಿ ತೂಗುತ್ತಿತ್ತು. ಒಂದು ಪುಟ ಆಗುವಷ್ಟರಲ್ಲಿ ಮೇಲಿನಿಂದ ದನಿ ಬಂತು.

"ಸ್ವಲ್ಪ ತಡಿ. ಈ ಗೌಡ ನಮ್ಮ ಕಡಿಯಾಂವ ಹೌದಿಲ್ಲೋ?"

"ಹೌದು. ಎಂತಾಯ್ತು?"

"ನಿನ್ನ ಬಾಯಾಗ ಉಡುಪಿ ಹೋಟೆಲ್ ಮ್ಯಾನೇಜರ್ ಆಗ್ಯಾನ. ಬೈಯ್ಯಾಕತ್ತಾನೋ, ಇಡ್ಲಿ ಎಷ್ಟು ಬೇಕಂತ ಕೇಳಾಕತ್ತಾನೋ ತಿಳೀವಲ್ದು."

"ಹಾಗಾದ್ರೆ ನೀವೇ ಓದಿ ಮಾರಾಯ್ರೆ," ಎಂದುಬಿಟ್ಟೆ. ಮಾತು ಹೊರಗೆ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು ನಕ್ಕರು, ನಕ್ಕರೆ ಕಣ್ಣಿಗೆ ಒತ್ತಡ ಎಂದು ನಾನು ಗದರಿಸಿದೆ, ಗದರಿಸಿದ್ದಕ್ಕೆ ಇನ್ನೂ ನಕ್ಕರು. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಎರಡು ಕನ್ನಡ. ನನ್ನ ತುಳು ಇವರಿಗೆ ಬಾರದು, ಇವರ ಮಾತು ನನ್ನ ತಾಯಿಗೆ ಕೊನೆಯವರೆಗೂ ಜಗಳದ ಹಾಗೆ ಕೇಳಿಸುತ್ತಿತ್ತು. ನಾವು ತಕರಾರಿಲ್ಲದೆ ಸೇರುತ್ತಿದ್ದದ್ದು ಪುಸ್ತಕದ ಕನ್ನಡದಲ್ಲಿ ಮಾತ್ರ.

ಸಂಘದ ಮಾಸಪತ್ರಿಕೆಗೆ ಓದಿದ ಪುಸ್ತಕದ ಬಗ್ಗೆ ನಾನು ತಿಂಗಳಿಗೊಂದು ಪುಟ ಬರೆಯುತ್ತೇನೆ. ಶನಿವಾರ ಕಳಿಸಬೇಕಿತ್ತು. ಬುಧವಾರ ಊಟದ ಮೇಲೆ ಇದೇ ಕಾದಂಬರಿಯ ಬಗ್ಗೆ ಬರೆಯಲು ಕೂತೆ. ನನ್ನ ಬರಹದ ಮೊದಲ ಓದುಗ ಇವರೇ. ಕೆಂಪು ಪೆನ್ನು ಹಿಡಿದು ಹೆಚ್ಚಾದ ಮಾತನ್ನೆಲ್ಲ ಹೊಡೆದು ಹಾಕುವುದು ಇವರ ಚಟ. ಈ ಸಲ ನಾನು ಓದಿ ಹೇಳಿದೆ. ಇವರು ದಿವಾನಿನ ಕೆಳಗೆ ಇಳಿಬಿಟ್ಟ ಕೈಯ ತೋರುಬೆರಳನ್ನು ಅಲ್ಲಾಡಿಸುತ್ತಿದ್ದರು. ಬೆರಳು ಅಲ್ಲಾಡಿದರೆ ಆ ಮಾತು ಹೆಚ್ಚಾಯಿತು ಎಂದರ್ಥ. 'ಹೃದಯಸ್ಪರ್ಶಿ' ಎಂದದ್ದಕ್ಕೆ ಬೆರಳು ನಿಲ್ಲಲೇ ಇಲ್ಲ.

ನಡುನಡುವೆ ಫೋನುಗಳು. ಅಂಬರನಾಥದಲ್ಲಿರುವ ನಾದಿನಿ ಅಲ್ಲಿನ ಶಿವನಿಗೆ ಹರಕೆ ಹೇಳಿಕೊಂಡಳು, ಒಳ್ಳೆಯದು. ಆದರೆ ಕ್ಯಾರೆಟ್ ರಸ ಕುಡಿಸು ಎಂದಳು, ಕಣ್ಣಿಗೆ ಜೇನು ಬಿಡು ಎಂದಳು, ಇಷ್ಟು ವರ್ಷ ಓದಿ ಓದಿಯೇ ಹೀಗಾದದ್ದು ಎಂದೂ ಹೇಳಿದಳು. ಓದದವರ ಕಣ್ಣು ಏನು ಮಾಡುತ್ತಿದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಗ್ಯಾಸಿನ ಮೇಲೆ ಹಾಲಿದೆ ಎಂದು ಫೋನು ಇಟ್ಟೆ.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಹೆದರಿಕೆ ಬಿಟ್ಟು ಬೇರೇನೂ ಇರಲಿಲ್ಲ. ಹನಿ ಹಾಕಲು ಕಣ್ಣಿನ ಮೇಲಿನ ಪಟ್ಟಿ ತೆಗೆದಾಗ, ಏನಾದರೂ ಕಾಣಿಸುತ್ತದಾ ಎಂದು ಕೇಳುತ್ತಿದ್ದೆ. ಬೆಳಕು ಗೊತ್ತಾಗ್ತೈತಿ ಅನ್ನುತ್ತಿದ್ದರು. ನನ್ನ ಕೈ ಗೊತ್ತಾಗುತ್ತದಾ ಎಂದರೆ, ನಾಳೆ ನೋಡೂಣು ಅನ್ನುತ್ತಿದ್ದರು. ಗುಳ್ಳೆ ಇರುವವರೆಗೆ ಮಬ್ಬೇ ಎಂದು ಡಾಕ್ಟರು ಹೇಳಿದ್ದು ಗೊತ್ತಿದ್ದೂ ನಾನು ಮತ್ತೆ ಕೇಳುತ್ತಿದ್ದೆ.

ಗುರುವಾರ ಬೆಳಿಗ್ಗೆ ಮೊದಲನೇ ತುಂಡು ಮುಗಿಯಿತು. ಅಣ್ಣನ ಮೇಲೆ ಸಿಟ್ಟಾದ ವಿಧವೆ ಕತ್ತಲಲ್ಲಿ ಬಾಗಿಲು ತೆಗೆದು ಹೊರಗೆ ಹೋಗುತ್ತಾಳೆ. ಅಲ್ಲಿಗೆ ಕೊಯ್ತ. ಅಡುಗೆಗೆ ಹೊತ್ತಾಯಿತು ಎಂದು ಎದ್ದೆ.

"ಎರಡನೇದು ತಗದು ನೆಲದ ಮ್ಯಾಲ ಇಟ್ಟು ಹೋಗು," ಅಂದರು ಇವರು. "ನನ್ನ ಮುಖದ ಕೆಳಗ. ಮೊದಲ್ನೇ ಪುಟ ಬಿಚ್ಚಿಡು. ಇವತ್ತ ಸ್ವಲ್ಪ ಚಲೋ ಅನ್ನಸ್ತೈತಿ. ಪಟ್ಟೀನೂ ತಗಿ."

ಇಟ್ಟೆ. ಟೇಬಲ್ ಲ್ಯಾಂಪನ್ನೂ ನೆಲಕ್ಕಿಳಿಸಿ ಹಚ್ಚಿದೆ. ಒಳಗೆ ಕುಕ್ಕರಿನ ಸೀಟಿ ಕೂಗುತ್ತಿತ್ತು, ಓಡಿದೆ. ಗ್ಯಾಸು ಸಣ್ಣ ಮಾಡಿ ಕೊತ್ತಂಬರಿ ಹೆಚ್ಚುತ್ತಿದ್ದಾಗ ಹಾಲ್‌ನಿಂದ ಇವರ ದನಿ. ಒಂದೊಂದೇ ಅಕ್ಷರವನ್ನು ಹುಡುಕಿ ಎತ್ತಿಕೊಂಡ ಹಾಗೆ, ನಿಂತು ನಿಂತು.

"ಬಾವಿಯ ಹತ್ತಿರ... ಆ ಬೆಳಿಗ್ಗೆ... ಯಾರೂ ಬಂದಿರಲಿಲ್ಲ. ಹಗ್ಗ ಮಾತ್ರ... ಒದ್ದೆಯಾಗಿತ್ತು."

ಚೂರಿ ಕೈಯಲ್ಲಿಟ್ಟುಕೊಂಡೇ ಓಡಿ ಬಂದೆ. ಬಗ್ಗಿ ಇವರ ಮುಖ ನೋಡಲು ಹೋಗಿ ಚಾಪೆಯ ಮೇಲೆ ಬಿದ್ದೆ. "ಕಾಣ್ತದಾ? ನಿಮಗೆ ಕಾಣ್ತದಾ?" ಎಂದು ಹುಚ್ಚಿಯ ಹಾಗೆ ಕೇಳಿದೆ.

"ಮಬ್ಬು ಮಬ್ಬು. ಆದ್ರ ಸಾಲು ತಿಳೀತಾವು," ಅಂದರು. "ಅಳಬ್ಯಾಡ. ಚೂರಿ ಮೊದಲ ಕೆಳಗಿಡು."

ಘಣಸೋಲಿಯಲ್ಲಿರುವ ಮಗಳಿಗೆ ಫೋನು ಮಾಡಿದೆ. ಅವಳು ಆಫೀಸಿನಲ್ಲಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ, ಓದಲು ಬರುವುದಿಲ್ಲ. "ಸಚ್ ಮೇ, ಮಮ್ಮಿ? ಪಪ್ಪಾ ನೇ ಪಢಾ?" ಎಂದು ಅವಳು ಕೇಳಿದ್ದು, ನಾನು ಹೌದು ಓದಿದರು ಎಂದದ್ದು, ಆ ಕಡೆ ಅವಳು ಯಾರಿಗೋ ಸಂತೋಷದಿಂದ ಹೇಳಿದ್ದು ಎಲ್ಲ ಈಗಲೂ ಕಿವಿಯಲ್ಲಿದೆ. ಹಲವು ದಿನಗಳ ಮೇಲೆ ನನಗೆ ಹಸಿವಾಯಿತು. ಸಾರಿಗೆ ಒಗ್ಗರಣೆ ಹಾಕಿ, ಇವರ ತಟ್ಟೆಯನ್ನು ತೊಡೆಯ ಮೇಲಿಟ್ಟು ಬಗ್ಗಿಸಿ ಕೂರಿಸಿ ಉಣ್ಣಿಸಿದೆ, ನಾನೂ ಎರಡು ಸಲ ಬಡಿಸಿಕೊಂಡೆ.

ಊಟವಾದ ಮೇಲೆ, ಇವರು ಓದಿದ ಜಾಗದಿಂದ ಮುಂದುವರಿಸೋಣ ಎಂದು ನೆಲದ ಮೇಲಿದ್ದ ತುಂಡನ್ನು ಎತ್ತಿಕೊಂಡೆ. ಬಿಚ್ಚಿದ್ದ ಪುಟದ ಮೊದಲ ಸಾಲಿನಲ್ಲಿ ಬಾವಿ ಇರಲಿಲ್ಲ. ಹಗ್ಗ ಇರಲಿಲ್ಲ. ಒಬ್ಬ ವಕೀಲ ತನ್ನ ಮನೆಯ ಜಗಲಿಯಲ್ಲಿ ಕೂತು ಕಾಗದ ನೋಡುತ್ತಿದ್ದ.

ನನ್ನ ಕೈಯಲ್ಲಿದ್ದದ್ದು ಮೂರನೇ ತುಂಡು. ಮೂರಕ್ಕೂ ಒಂದೇ ಕ್ಯಾಲೆಂಡರಿನ ರಟ್ಟು. ಮೇಲೆ ಇವರು ಬರೆದಿದ್ದ ಅಂಕಿ ಎಂದೋ ಅಳಿಸಿ ಹೋಗಿತ್ತು. ಅವಸರದಲ್ಲಿ ನಾನು ತಪ್ಪು ತುಂಡು ತೆಗೆದಿಟ್ಟಿದ್ದೆ. ಎರಡನೆಯದು ಇನ್ನೂ ಕಪಾಟಿನಲ್ಲೇ ಇತ್ತು.

ಇವರು ಓದಿರಲಿಲ್ಲ. ಆ ಜಾಗವನ್ನು ಇವರೇ ಹುಡುಕಿ ಬ್ಲೇಡು ಇಟ್ಟವರು, ಮೊದಲ ಸಾಲು ಬಾಯಿಗೆ ಬರದೆ ಇರುತ್ತದೆಯೇ? ಕೆಳಗಿದ್ದ ಪುಟದಲ್ಲಿ ಅಕ್ಷರವಿದೆಯೋ ಇಲ್ಲವೋ ಎಂಬುದೂ ಇವರಿಗೆ ಗೊತ್ತಿರಲಿಲ್ಲ. ನಾನು ಚಾಪೆಯ ಮೇಲೆ ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೆಳಗಿನ ರಸ್ತೆಯಲ್ಲಿ ರದ್ದಿಯವನು ಕೂಗಿಕೊಂಡು ಹೋದ.

"ಯಾಕ ಸುಮ್ಮನಾದಿ?" ಎಂದು ಮೇಲಿನಿಂದ ಕೇಳಿದರು.

"ಕನ್ನಡಕ ಹುಡುಕ್ತಾ ಇದ್ದೆ," ಎಂದೆ. ಎದ್ದು, ಸದ್ದಾಗದ ಹಾಗೆ ಕಪಾಟು ತೆಗೆದು, ಎರಡನೇ ತುಂಡು ತಂದು ಓದತೊಡಗಿದೆ. ಬಾವಿಯ ಹತ್ತಿರ ಆ ಬೆಳಿಗ್ಗೆ ಯಾರೂ ಬಂದಿರಲಿಲ್ಲ. ಆ ಸಾಲನ್ನು ನಾನು ಹೇಗೆ ಓದಿದೆ ಎಂದು ನನಗೇ ಗೊತ್ತಿಲ್ಲ. ಗೌಡ ಬೈದರೂ ಇವರು ತಕರಾರು ಮಾಡಲಿಲ್ಲ.

ಶುಕ್ರವಾರ ಸಂಜೆ ಮಗಳು ಪೇಢೆಯ ಪೊಟ್ಟಣ ಹಿಡಿದು ಬಂದಳು. ಚಪ್ಪಲಿ ಬಿಟ್ಟವಳೇ ನೆಲದ ಮೇಲೆ ಅಂಗಾತ ಮಲಗಿ ಅಪ್ಪನ ಮುಖದ ಕೆಳಗೆ ತನ್ನ ಮುಖ ತಂದಳು. "ಪಪ್ಪಾ, ಮೈ ದಿಖ್ ರಹೀ ಹೂ ಕ್ಯಾ?" ಎಂದು ಕೇಳಿದಳು.

"ಮೂಗು ಕಾಣಾಕತ್ತೈತಿ. ನಿಮ್ಮವ್ವನ ಮೂಗು," ಅಂದರು. ಅವಳು ಖಿಲ್ಲನೆ ನಕ್ಕಳು. ಅವಳ ಮೂಗು ನನ್ನದು ಎಂದು ಹೇಳಲು ಕಣ್ಣು ಬೇಕಾಗಿಲ್ಲ, ಹುಟ್ಟಿದಾಗಿನಿಂದ ಇವರು ಹೇಳುತ್ತ ಬಂದದ್ದೇ.

ಆಮೇಲೆ ಅವಳಿಗೆ ಅಪ್ಪ ಓದುವುದನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು ಎನಿಸಿತು. ಟೀಪಾಯಿಯ ಮೇಲಿದ್ದ ತುಂಡನ್ನು ನಡುವೆ ಎಲ್ಲೋ ಬಿಚ್ಚಿ ನೆಲದ ಮೇಲಿಟ್ಟು, "ಏಕ್ ಲೈನ್, ಪಪ್ಪಾ. ಬಸ್ ಏಕ್," ಎಂದಳು. ಯಾವ ಪುಟ ಎಂದು ಅವಳಿಗೂ ತಿಳಿಯದು, ಇವರಿಗೂ ಕಾಣದು. ಇಳಿಬಿಟ್ಟ ಇವರ ಕೈ ಹಾಳೆಯ ಅಂಚನ್ನು ಮುಟ್ಟಿತು. ಗಂಟಲು ಸರಿ ಮಾಡಿಕೊಂಡರು. ಮಗಳು ಮೊಬೈಲು ಹಿಡಿದು ಕಾಯುತ್ತಿದ್ದಳು, ಅವಳ ಮುಖದಲ್ಲಿದ್ದ ಆ ಖುಷಿಯನ್ನು ನನಗೆ ನೋಡಲಾಗಲಿಲ್ಲ.

ನಾನು ಹೋಗಿ ಪುಸ್ತಕ ಕಿತ್ತುಕೊಂಡೆ. "ಸಾಕು. ನಿನ್ನೆ ಓದಿದ್ದಕ್ಕೇ ಕಣ್ಣಿಗೆ ಆಯಾಸ ಆಗಿದೆ. ಡಾಕ್ಟರು ಬೈತಾರೆ. ವಿಡಿಯೋ ಅಂತೆ ವಿಡಿಯೋ," ಎಂದು ಮಗಳ ಮೇಲೆ ರೇಗಿದೆ. ಅವಳ ಮುಖ ಸಣ್ಣದಾಯಿತು. ಇವರು ಪೇಢೆ ಕೊಡು ಎಂದು ಮಗಳ ಕಡೆ ಕೈ ಚಾಚಿದರು, ಸಕ್ಕರೆ ಕಾಯಿಲೆಯವರಿಗೆ ಪೇಢೆ ಎಲ್ಲಿಂದ ಎಂದು ನಾನು ಅದಕ್ಕೂ ರೇಗಿದೆ.

ಶನಿವಾರ ಸಂಘದ ಪತ್ರಿಕೆಗೆ ಕಳಿಸುವ ದಿನ. ಬಾವಿಯ ಕಾದಂಬರಿಯ ಬಗ್ಗೆ ಗುರುವಾರದ ಮೇಲೆ ಮತ್ತೆ ತಿದ್ದಿ ಬರೆದಿಟ್ಟಿದ್ದನ್ನು ಹರಿದು ಹಾಕಿದೆ. ಇವರಿಗೆ ಹೇಳಲಾಗದ್ದು ಆ ಪುಟದ ತುಂಬ ಇತ್ತು, ಓದಿ ಹೇಳುವುದು ಹೇಗೆ? ಕಪಾಟಿನಲ್ಲಿ ಕೈಗೆ ಸಿಕ್ಕಿದ ಒಂದು ಅಡುಗೆ ಪುಸ್ತಕದ ಬಗ್ಗೆ ನಾಲ್ಕು ಮಾತು ಗೀಚಿದೆ. ಉಪ್ಪಿನಕಾಯಿಯ ಅಧ್ಯಾಯ ಉಪಯುಕ್ತವಾಗಿದೆ ಎಂದು ಬರೆದೆ. ಓದಿ ಹೇಳಿದಾಗ ಇವರ ಬೆರಳು ಒಮ್ಮೆಯೂ ಅಲ್ಲಾಡಲಿಲ್ಲ. ಭಾನುವಾರ ಕಾದಂಬರಿ ಮುಗಿಯಿತು. ಕೊನೆಯಲ್ಲಿ ಅಣ್ಣ ತಂಗಿ ಮಾತಾಡುತ್ತಾರೆ, ಆದರೆ ಬಾವಿ ಬತ್ತಿರುತ್ತದೆ. ಇವರು ನಿಟ್ಟುಸಿರು ಬಿಟ್ಟು, ಆ ಕಾಲಕ್ಕೆ ಇದು ಚಲೋ ಅನ್ನಿಸಿತ್ತು, ಈಗ ಸ್ವಲ್ಪ ಎಳೆದ ಹಾಗೆ ಕಾಣುತ್ತದೆ ಎಂದು ಅಭಿಪ್ರಾಯ ಕೊಟ್ಟರು.

ಸೋಮವಾರ ಮಗಳು ರಜೆ ಹಾಕಿ ಟ್ಯಾಕ್ಸಿ ತಂದಳು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕುರ್ಚಿ ಹಿಂದಕ್ಕೆ ಸರಿಸಿ, ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಪರದೆ ಹಿಡಿದಿಲ್ಲ. ಮತ್ತೆ ಬಿಟ್ಟುಕೊಂಡಿದೆ, ಒಳಗೆ ಸುಕ್ಕಾಗಿದೆ. ಇನ್ನೊಂದು ಆಪರೇಷನ್ ಮಾಡಿದರೂ ಓದುವ ದೃಷ್ಟಿ ಬರುವುದಿಲ್ಲ, ನಾನು ಸುಳ್ಳು ಆಸೆ ಕೊಡುವುದಿಲ್ಲ. ಮಗಳು, ಗುರುವಾರ ಓದಿದ್ದರಲ್ಲ ಡಾಕ್ಟರ್ ಎಂದು ವಾದಕ್ಕಿಳಿದಳು. ಡಾಕ್ಟರು ಇವರ ಕಡೆ ನೋಡಿದರು. ಇವರು ಮಗಳ ಕೈ ಹುಡುಕಿ ಹಿಡಿದು, "ಬಿಡು ತಾಯಿ," ಅಂದರು. ಇನ್ನು ಮುಖ ಕೆಳಗೆ ಮಾಡಿಕೊಂಡಿರುವ ಅಗತ್ಯ ಇಲ್ಲ, ಆರಾಮಾಗಿ ತಲೆ ಎತ್ತಿ ಕೂರಬಹುದು ಎಂದು ಡಾಕ್ಟರು ದಯೆಯಿಂದ ಹೇಳಿದರು.

ಟ್ಯಾಕ್ಸಿಯಲ್ಲಿ ಮಗಳು ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಿಟ್ಟು, ತನ್ನ ಮಗುವನ್ನು ಶಾಲೆಯಿಂದ ಕರೆತರಲು ಅದೇ ಟ್ಯಾಕ್ಸಿಯಲ್ಲಿ ಹೋದಳು. ಇವರು ದಿವಾನಿನ ಮೇಲೆ ಕೂತು, ಮೊಣಕಾಲಿಗೆ ಮೊಣಕೈ ಊರಿ, ಮುಖ ನೆಲಕ್ಕೇ ಇಟ್ಟುಕೊಂಡಿದ್ದರು. ನಾನು ಕುರ್ಚಿಗಳ ಗಂಟು ಕತ್ತರಿಸುತ್ತಿದ್ದೆ.

"ಗುರುವಾರದ್ದು ನಿನಗ ಯಾವಾಗ ತಿಳೀತು?" ಎಂದು ಕೇಳಿದರು.

"ಊಟ ಆದ ಮೇಲೆ. ನಾನು ಇಟ್ಟದ್ದು ಮೂರನೇ ತುಂಡು."

"ಮೂರನೇದಾ? ಹಂಗಾದ್ರ ವಕೀಲನ ಸಾಲು ಹೇಳಬೇಕಿತ್ತು. ಅದೂ ಬರ್ತಿತ್ತು ನನಗ."

"ಯಾಕೆ ಹಾಗೆ ಮಾಡಿದ್ರಿ?"

"ನೀ ಹೆದರ್ಕೊಂಡು ಓದಾಕತ್ತಿದ್ದಿ. ಸೋಮವಾರದಿಂದ ನಿನ್ನ ದನಿ ಸಣ್ಣಾಗಿತ್ತು. ಒಂದಿನ ಆದ್ರೂ ಆರಾಮ ಊಟ ಮಾಡಲಿ ಅಂದೆ."

ನನ್ನ ಎದೆ ಒಡೆದದ್ದು ಡಾಕ್ಟರ ಕೋಣೆಯಲ್ಲಿ ಅಲ್ಲ, ಈ ಮಾತಿಗೆ. ನಾನು ಎರಡು ಸಲ ಬಡಿಸಿಕೊಂಡದ್ದನ್ನು ಇವರು ಸೌಟಿನ ಸದ್ದಿನಲ್ಲೇ ಎಣಿಸಿಕೊಂಡಿರಬೇಕು.

"ನೆಟ್ಟಗೆ ಕೂತ್ಕೊಳ್ಳಿ ಮಾರಾಯ್ರೆ," ಎಂದೆ ಕೊನೆಗೆ. "ಇನ್ನು ಬಗ್ಗುವುದು ಬೇಡ ಅಂದ್ರಲ್ಲ. ಕುತ್ತಿಗೆ ನೋಯ್ತದೆ."

"ಇರ್ಲಿ," ಅಂದರು. "ಹಿಂಗ ಕುಂತ್ರ ವಾರ ಇನ್ನೂ ಮುಗದಿಲ್ಲ ಅನ್ನಸ್ತೈತಿ. ತಲಿ ಎತ್ತಿದ್ರ ಮುಗದ ಹೋತು."

ನಾನು ಅಡುಗೆ ಮನೆಗೆ ಹೋಗಿ ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತೆ. ಅತ್ತು ಮುಗಿದ ಮೇಲೆ ಅನ್ನಕ್ಕಿಟ್ಟೆ. ಬಿಸಿಲು ಎದುರಿನ ಬಿಲ್ಡಿಂಗಿನ ಮೇಲಿನ ಮಹಡಿಗೆ ಏರಿ ಅಲ್ಲಿಂದಲೂ ಹೋಯಿತು. ಅಷ್ಟು ಹೊತ್ತೂ ಇವರು ಹಾಗೇ ಕೂತಿದ್ದರು, ನಾನೂ ಕೂರಲು ಬಿಟ್ಟೆ. ಆದರೆ ಅನ್ನ ಆರಲು ಬಿಡಲಾಗುತ್ತದೆಯೇ? ಸಕ್ಕರೆಯ ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನಾನೇ ಹೇಳಬೇಕಾಯಿತು.

"ಊಟ ತಂದಿದ್ದೇನೆ. ಇನ್ನು ತಲೆ ಎತ್ತಿ."

ಹೇಳಿ, ತಟ್ಟೆಯನ್ನು ಟೀಪಾಯಿಯ ಮೇಲಿಡಲು ಎರಡು ಹೆಜ್ಜೆ ಈಚೆ ಬಂದೆ. ಇವರು ನಿಧಾನವಾಗಿ ತಲೆ ಎತ್ತಿದರು. ನನ್ನ ದನಿ ಬಂದಿದ್ದ ಬಾಗಿಲ ಕಡೆಗೆ ಮುಖ ತಿರುಗಿಸಿ, ಅಲ್ಲಿ ನಾನಿದ್ದೇನೆಂದು ತಿಳಿದು ನಕ್ಕರು. ನಾನು ಬಳೆ ಸದ್ದಾಗದ ಹಾಗೆ ಕೈ ಹಿಡಿದುಕೊಂಡು, ಹಿಂದಕ್ಕೆ ಹೋಗಿ ಬಾಗಿಲಲ್ಲಿ ನಿಂತೆ.